ಟ್ಯಾಲಿಪ್ರೈಮ್ ಎಡಿಟ್ ಲಾಗ್: ಫೌಂಡ್ರಿಯ ಅಕೌಂಟ್ಸ್ ಮೇಜಿನಿಂದ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಸಣ್ಣ ಫೌಂಡ್ರಿಯ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ, ಲೆಕ್ಕ ನೋಡಿಕೊಳ್ಳುತ್ತೇನೆ. ಹೆಸರಿಗೆ ಪ್ರೈವೇಟ್ ಲಿಮಿಟೆಡ್. ಒಳಗೆ ಬಂದು ನೋಡಿದರೆ ಸಾಹುಕಾರರು, ಅವರ ತಮ್ಮ, ಸ್ಟೋರ್ಸ್‌ನ ಹುಡುಗ, ನಾನು. ಬೆಂಗಳೂರಿನದೇ ಆದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇಲ್ಲಿ ಮೊದಲಿನಿಂದಲೂ ಇದೆ. ಈಗ ಟ್ಯಾಲಿಪ್ರೈಮ್‌ನ ಎಡಿಟ್ ಲಾಗ್ ಆವೃತ್ತಿ, ಅಂದರೆ ಪ್ರತಿ ತಿದ್ದುಪಡಿಯ ಗುರುತು ಉಳಿಸುವಂಥದ್ದು, ಬಳಸುತ್ತಿದ್ದೇವೆ. ಅದರ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಈ ರಿವ್ಯೂ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಇಡುವ ಪ್ರತಿ ಕಂಪನಿಗೂ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕಡ್ಡಾಯ. ಯಾವ ಎಂಟ್ರಿಯನ್ನು ಯಾವಾಗ ತಿದ್ದಿದರು ಅನ್ನೋದು ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡೋಕೆ ಬರಬಾರದು. ನಿಯಮ ಬಂದದ್ದು 2021ರಲ್ಲೇ, ಎರಡು ಸಲ ಮುಂದಕ್ಕೆ ಹೋಯಿತು. ಕಂಪನಿ ಸಣ್ಣದು ಅಂತ ವಿನಾಯಿತಿ ಇಲ್ಲ. ವರ್ಷಪೂರ್ತಿ ಲಾಗ್ ಆನ್ ಇತ್ತಾ, ಅದನ್ನು ಯಾರಾದರೂ ಮುಟ್ಟಿದ್ದಾರಾ ಅಂತ ಆಡಿಟರ್ ತಮ್ಮ ವರದಿಯಲ್ಲಿ ಬರೆಯಲೇಬೇಕು. ಸಾಮಾನ್ಯ ಟ್ಯಾಲಿಪ್ರೈಮ್‌ನಲ್ಲೂ ಲಾಗ್ ಸೌಲಭ್ಯ ಇದೆ, ಆದರೆ ಬೇಡ ಅಂದರೆ ಆಫ್ ಮಾಡಬಹುದು. ಎಡಿಟ್ ಲಾಗ್ ಆವೃತ್ತಿಯಲ್ಲಿ ಆ ದಾರಿಯೇ ಇಲ್ಲ. ಹಾಗಾಗಿ ಕಂಪನಿ ಆದವರು ಇದನ್ನೇ ಹಾಕಿಸಿಕೊಳ್ಳಬೇಕು. ಲೈಸೆನ್ಸ್ ಅದೇ ನಡೆಯುತ್ತದೆ, ಬೇರೆ ಕೊಳ್ಳಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಾನೂನಿಗೋಸ್ಕರ ಹಾಕಿಸಿದ್ದು ನಮ್ಮ ತಯಾರಿಕೆ ಖರ್ಚಿನ ಲೆಕ್ಕಕ್ಕೆ ಹೇಗೆ ಉಪಯೋಗಕ್ಕೆ ಬಂತು ಅನ್ನೋದೇ ನನಗೆ ಮುಖ್ಯ.

ಫೌಂಡ್ರಿಯಲ್ಲಿ ಎಲ್ಲ ನಿಂತಿರುವುದು ಕೆಜಿ ಲೆಕ್ಕದ ಮೇಲೆ. ಪಿಗ್ ಐರನ್, ಸ್ಕ್ರ್ಯಾಪ್, ಫೆರೋ ಸಿಲಿಕಾನ್, ಫರ್ನೇಸಿನ ಕರೆಂಟು, ಮರಳು, ಕೂಲಿ ಎಲ್ಲ ಸೇರಿ ಒಂದು ಕೆಜಿ ಒಳ್ಳೆ ಎರಕಕ್ಕೆ ಎಷ್ಟು ಬಿತ್ತು? ಈ ಒಂದು ಅಂಕಿ ನೋಡಿಯೇ ಸಾಹುಕಾರರು ಹೊಸ ಆರ್ಡರಿಗೆ ರೇಟ್ ಹೇಳುವುದು. ಆದರೆ ಒಂದು ತಿಂಗಳು ಕೊಟ್ಟ ಅಂಕಿ ಮುಂದಿನ ತಿಂಗಳು ತೆಗೆದು ನೋಡಿದರೆ ಬೇರೆಯೇ ಇರುತ್ತಿತ್ತು. "ಅಕ್ಕಾರ, ಅವತ್ತ ಒಂದ್ ಹೇಳಿದ್ರಿ, ಇವತ್ತ ಒಂದ್ ಹೇಳ್ತೀರಿ. ಖರೇ ಯಾವದು?" ಅಂತ ಅವರು ಕೇಳಿದರೆ ಉತ್ತರ ಹುಡುಕಲು ಹಳೇ ಪ್ರಿಂಟೌಟ್ ಹಿಡಿದು ಕೂರಬೇಕಾಗಿತ್ತು. ಯಾರೋ ಹಳೇ ಬಿಲ್ ತೆಗೆದು ತಿದ್ದಿರುತ್ತಿದ್ದರು. ಕದಿಯೋಕಲ್ಲ, ಸುಮ್ನೆ ಕೆಲಸ ಬೇಗ ಮುಗಿಯಲಿ ಅಂತ.

ಈಗ ಹೇಗೆ ಅಂದರೆ, ಎಕ್ಸೆಪ್ಶನ್ ರಿಪೋರ್ಟ್‌ಗಳಲ್ಲಿ ಎಡಿಟ್ ಲಾಗ್ ತೆಗೆದರೆ ತಿದ್ದಿದ, ಅಳಿಸಿದ ವೋಚರ್‌ಗಳು, ಅಂದರೆ ಎಂಟ್ರಿಗಳು, ಸಾಲಾಗಿ ಬರುತ್ತವೆ. ಒಂದು ಪಿಗ್ ಐರನ್ ಖರೀದಿ ಬಿಲ್ ಉದಾಹರಣೆಗೆ ತಗೊಳ್ಳಿ. ಮೊದಲ ವರ್ಶನ್‌ನಲ್ಲಿ ಒಂದು ರೇಟು, ಎರಡನೆಯದರಲ್ಲಿ ಕಡಿಮೆ ರೇಟು. ಯಾವ ಯೂಸರ್, ಯಾವ ದಿನ, ಎಷ್ಟು ಗಂಟೆಗೆ ಎಲ್ಲ ಇದೆ. ಬದಲಾದ ಜಾಗ ಎದ್ದು ಕಾಣುತ್ತದೆ. ಆಗಿದ್ದೇನು? ಸಪ್ಲೈಯರ್ ಆಮೇಲೆ ರೇಟ್ ಇಳಿಸಿ ಕ್ರೆಡಿಟ್ ನೋಟ್ ಕಳಿಸಿದ್ದಾರೆ. ನಾವು ಅದಕ್ಕೆ ಡೆಬಿಟ್ ನೋಟ್ ಅಂತ ಬೇರೆ ಎಂಟ್ರಿ ಹಾಕಬೇಕಾದಲ್ಲಿ ಸಾಹುಕಾರರ ತಮ್ಮ ನೇರವಾಗಿ ಬಿಲ್ಲನ್ನೇ ತಿದ್ದಿದ್ದಾರೆ. ಇದನ್ನು ಅವರಿಗೇ ಸ್ಕ್ರೀನ್ ಮೇಲೆ ತೋರಿಸಿದೆ. "ಹೌದ್ರಿ, ನಾನs ಮಾಡೇನಿ" ಅಂತ ನಕ್ಕರು. ಅವತ್ತಿನಿಂದ ಡೆಬಿಟ್ ನೋಟ್ ಬರುತ್ತಿದೆ, ಹಳೇ ತಿಂಗಳ ಅಂಕಿ ಅಲುಗಾಡುತ್ತಿಲ್ಲ.

ಒಂದು ತಪ್ಪು ಕಲ್ಪನೆ ಇದೆ. ಎಡಿಟ್ ಲಾಗ್ ಹಾಕಿಸಿದರೆ ಯಾರೂ ತಿದ್ದೋಕೆ ಆಗಲ್ಲ ಅಂದುಕೊಳ್ಳುತ್ತಾರೆ. ತಿದ್ದಬಹುದು, ಅಳಿಸಲೂಬಹುದು, ಗುರುತು ಮಾತ್ರ ಉಳಿಯುತ್ತದೆ. ಹಿಂದಿನ ತಾರೀಕಿನ ಎಂಟ್ರಿ ತಡೆಯಬೇಕಾದರೆ ಯೂಸರ್ ರೋಲ್‌ನಲ್ಲಿ ಬ್ಯಾಕ್‌ಡೇಟೆಡ್ ವೋಚರ್‌ಗೆ ಕಟ್-ಆಫ್ ತಾರೀಕು ಬೇರೆ ಹಾಕಬೇಕು. ಎಲ್ಲಕ್ಕಿಂತ ಮೊದಲು ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು. ನಮಗೆ ಇನ್‌ಸ್ಟಾಲ್ ಮಾಡಿಕೊಟ್ಟ ಡೀಲರ್ ಕಡೆಯವನು ಎಲ್ಲರಿಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು, ಚಹಾ ಕುಡಿದು ಹೋಗಿಬಿಟ್ಟಿದ್ದ. ಎಲ್ಲ ತಿದ್ದುಪಡಿಯೂ ಒಂದೇ ಹೆಸರಲ್ಲಿ ಬಂದರೆ ಲಾಗ್ ಇದ್ದೂ ಏನು ಪ್ರಯೋಜನ, ಅಲ್ವಾ?

ಯಾಕೆ ತಿದ್ದಿದರು ಅನ್ನೋದು ವರ್ಶನ್ ನೋಡಿದರೆ ಗೊತ್ತಾಗಲ್ಲ. ತಿದ್ದಿದವರು ನರೇಶನ್‌ನಲ್ಲಿ, ಅಂದರೆ ಎಂಟ್ರಿಯ ಟಿಪ್ಪಣಿ ಜಾಗದಲ್ಲಿ, ಒಂದು ಸಾಲು ಬರೆಯಬೇಕು ಅಂತ ನಾವೇ ಪದ್ಧತಿ ಮಾಡಿಕೊಂಡಿದ್ದೇವೆ. ಸ್ಟೋರ್ಸ್ ಹುಡುಗ ಬರೆಯುವುದು "ಕರೆಕ್ಷನ್" ಅಂತ ಒಂದೇ ಪದ. ಅದಕ್ಕೆ ಸಾಫ್ಟ್‌ವೇರ್ ಏನು ಮಾಡೀತು!

ತಯಾರಿಕೆ ಖರ್ಚಿನ ಲೆಕ್ಕಕ್ಕೆ ನಾನು ಜಾಸ್ತಿ ಬಳಸುವುದು ಕಾಸ್ಟ್ ಸೆಂಟರ್, ಅಂದರೆ ಖರ್ಚನ್ನು ವಿಭಾಗವಾರು ನೋಡುವ ಸೌಲಭ್ಯ. ಮೆಲ್ಟಿಂಗ್ (ಕರಗಿಸುವುದು), ಮೋಲ್ಡಿಂಗ್ (ಮರಳಿನ ಅಚ್ಚು ಮಾಡುವುದು), ಫೆಟ್ಲಿಂಗ್ (ಎರಕವನ್ನು ಉಜ್ಜಿ ಸ್ವಚ್ಛ ಮಾಡುವುದು) ಅಂತ ಮೂರು ಮಾಡಿದ್ದೇನೆ. ಕಾಸ್ಟ್ ಸೆಂಟರ್ ಕ್ಲಾಸ್ ಮಾಡಿ, ಯಾವುದಕ್ಕೆ ಶೇಕಡಾ ಎಷ್ಟು ಅಂತ ಮೊದಲೇ ಹಾಕಿಟ್ಟರೆ ಖರ್ಚು ತಾನೇ ಹಂಚಿಕೆ ಆಗುತ್ತದೆ. ಆ ಶೇಕಡಾ ಎಷ್ಟು ಅನ್ನೋದನ್ನು ಮಾತ್ರ ಶಾಪ್‌ಫ್ಲೋರ್‌ಗೆ ಹೋಗಿ ಮೀಟರ್ ನೋಡಿಯೇ ತಿಳಿಯಬೇಕು.

ಇನ್ನೊಂದು, ಯಾರೂ ಅಷ್ಟಾಗಿ ಮುಟ್ಟದ ಸೌಲಭ್ಯ ರಿವರ್ಸಿಂಗ್ ಜರ್ನಲ್, ಅಂದರೆ ತಾತ್ಕಾಲಿಕ ಎಂಟ್ರಿ. ಹೆಸ್ಕಾಂನ ಕರೆಂಟ್ ಬಿಲ್ ಕೈಗೆ ಬರುವುದು ಮುಂದಿನ ತಿಂಗಳು. ಸಾಹುಕಾರರಿಗೆ ಅಂಕಿ ಬೇಕಾಗಿರುವುದು ತಿಂಗಳ ಕೊನೆಗೆ. ಫರ್ನೇಸ್ ನಡೆಸುವವರಿಗೆ ಕರೆಂಟ್ ಬಿಟ್ಟು ಲಾಭ ನೋಡುವುದೆಂದರೆ ತಮಾಷೆಯೇ. ಮೀಟರ್ ರೀಡಿಂಗ್ ಮೇಲೆ ಅಂದಾಜು ಮೊತ್ತವನ್ನು ರಿವರ್ಸಿಂಗ್ ಜರ್ನಲ್‌ಗೆ ಹಾಕಿ, ಸಿನಾರಿಯೋ ಅಂತ ಒಂದು ಬೇರೆ ನೋಟ ಮಾಡಿಕೊಂಡರೆ ಲಾಭ ನಷ್ಟದ ಪಟ್ಟಿಯನ್ನು ಆ ಅಂದಾಜು ಸೇರಿಸಿ ನೋಡಬಹುದು. ನಿಜವಾದ ಪುಸ್ತಕಕ್ಕೆ ಅದು ತಾಗುವುದಿಲ್ಲ. ನನ್ನ ಮಟ್ಟಿಗೆ ಟ್ಯಾಲಿಯಲ್ಲಿ ಅತಿ ಜಾಣತನದ ಸೌಲಭ್ಯ ಇದೇ.

ಯೀಲ್ಡ್ ಲೆಕ್ಕ, ಅಂದರೆ ಕರಗಿಸಿದ್ದರಲ್ಲಿ ಒಳ್ಳೆ ಎರಕ ಎಷ್ಟು ಸಿಕ್ಕಿತು ಅನ್ನೋದು, ಮಾತ್ರ ನಾನು ಎಕ್ಸೆಲ್‌ನಲ್ಲೇ ಮಾಡುತ್ತೇನೆ. ಕರಗಿಸಿದ ಲೋಹದಲ್ಲಿ ರನ್ನರ್, ರೈಸರ್ ಅಂತ (ಅಚ್ಚಿನ ಕಾಲುವೆಗಳಲ್ಲಿ ಗಟ್ಟಿಯಾಗಿ ಉಳಿಯುವ ಲೋಹ) ಒಂದು ಪಾಲು ವಾಪಸ್ ಫರ್ನೇಸಿಗೇ ಹೋಗುತ್ತದೆ. ರಿಜೆಕ್ಟ್ ಆದ ಪೀಸೂ ಅಲ್ಲಿಗೇ. ಟ್ಯಾಲಿಯ ಮ್ಯಾನುಫ್ಯಾಕ್ಚರಿಂಗ್ ಜರ್ನಲ್‌ನಲ್ಲಿ (ತಯಾರಿಕೆಯ ಎಂಟ್ರಿ) ಇದನ್ನು ಸ್ಕ್ರ್ಯಾಪ್ ಅಂತ ತೋರಿಸಬಹುದು. ಆದರೆ ಪ್ರತಿ ಹೀಟಿಗೂ, ಅಂದರೆ ಫರ್ನೇಸಿನಲ್ಲಿ ಒಂದೊಂದು ಸಲ ಕರಗಿಸಿದಾಗಲೂ, ಒಂದೊಂದು ಜರ್ನಲ್ ಹಾಕುತ್ತಾ ಕೂರಲು ನಮ್ಮಲ್ಲಿ ಜನ ಇಲ್ಲ.

ದುಡ್ಡಿನ ಮಾತು. ನಾವು ಕೊಂಡಾಗ ಸಿಲ್ವರ್ ಲೈಸೆನ್ಸ್ 22,500 ರೂಪಾಯಿ, ಗೋಲ್ಡ್ ಲೈಸೆನ್ಸ್ 67,500, ಮೇಲೆ ಶೇ 18 ಜಿಎಸ್‌ಟಿ. ಸಿಲ್ವರ್ ಒಬ್ಬರಿಗೆ, ಗೋಲ್ಡ್ ಒಂದೇ ನೆಟ್‌ವರ್ಕಿನ ಎಲ್ಲರಿಗೆ. ಸ್ಟೋರ್ಸ್ ಮತ್ತು ಆಫೀಸ್ ಎರಡೂ ಕಡೆ ಎಂಟ್ರಿ ಮಾಡುವವರು ಸಿಲ್ವರ್ ಕೊಂಡು, ಒಂದೇ ಕುರ್ಚಿಯಲ್ಲಿ ಸರದಿ ಕೂರುವುದು ಬೇಡ.

ಪ್ರೊಪ್ರೈಟರ್ ಅಂಗಡಿಗೆ, ಪಾರ್ಟ್‌ನರ್‌ಶಿಪ್‌ಗೆ ಆಡಿಟ್ ಟ್ರೇಲ್ ನಿಯಮ ಇಲ್ಲ. ಅವರು ಸಾಮಾನ್ಯ ಟ್ಯಾಲಿಪ್ರೈಮ್ ಇಟ್ಟುಕೊಂಡು ಲಾಗ್ ಆನ್ ಮಾಡಿದರೆ ಸಾಕು. ಕಂಪನಿಯವರು ಮಾತ್ರ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಬೇಕು, ಲಾಗೂ ಅದರ ಜೊತೆಗೇ ಇರಬೇಕು. ಬ್ಯಾಕಪ್ ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಬೇಡ. ಫೌಂಡ್ರಿಯ ಧೂಳಿಗೆ ಹಾರ್ಡ್ ಡಿಸ್ಕ್ ಬಹಳ ದಿನ ಬಾಳುವುದಿಲ್ಲ.