ಟ್ರ್ಯಾಕ್ ಹಬ್, ಬೆಂಗಳೂರಿನ ಮಳೆ: ಕೆಲವು ವರ್ಷ ಓಡಿಸಿದ ಮೇಲೆ

ಜೂನ್ ಬಂತು ಅಂದರೆ ನನ್ನ ಸೈಕಲಿನ ಹಿಂದಿನ ಗಾಲಿ ಗೊರಗೊರ ಅನ್ನೋಕೆ ಶುರು. ಮೊದಲ ಜೋರು ಮಳೆಗೆ ಗಾಲಿಯ ನಡುವಿನ ಹಬ್ ಒಳಗೆ ನೀರು, ಎರಡನೆಯದಕ್ಕೆ ಮಣ್ಣು. ಇಷ್ಟೊಂದು ದುಡ್ಡು ಸುರಿದು, ಮೇಲೆ ಕಸ್ಟಮ್ಸ್ ಕಟ್ಟಿ ತರಿಸಿಕೊಂಡ ಹಬ್‌ಗೆ ನೆಟ್ಟಗೆ ಒಂದು ರಬ್ಬರ್ ಸೀಲ್ ಇಲ್ಲ. ಈ ವಿಮರ್ಶೆ ಬರೆಯೋಕೆ ಕೂತಿದ್ದೇ ಈ ಸಿಟ್ಟಿಗೆ. ಕಂಪನಿ ಹೆಸರು ಬೇಡ ಬಿಡಿ. ಜಪಾನಿನದು, ಮೇಲೆ ಎನ್‌ಜೆಎಸ್ ಮುದ್ರೆ ಇದೆ. ಈ ಹುಚ್ಚು ಹಿಡಿದವರಿಗೆ ಅಷ್ಟು ಹೇಳಿದರೆ ಸಾಕು.

ಹಿಡಿಯದವರಿಗೆ ಎರಡು ಮಾತು. 1948ರಲ್ಲಿ ಜಪಾನಿನ ಕೊಕುರಾದಲ್ಲಿ ಕೀರಿನ್ ಅನ್ನೋ ಟ್ರ್ಯಾಕ್ ಸೈಕಲ್ ರೇಸ್ ಶುರುವಾಯಿತು. ಜನ ದುಡ್ಡು ಕಟ್ಟಿ ಆಡುವ ರೇಸ್ ಇದು. ಸಾಮಾನಿನ ಬಲದಿಂದ ಯಾರೂ ಗೆಲ್ಲಬಾರದು ಅಂತ ಸೈಕಲಿನ ಬಿಡಿಭಾಗಗಳಿಗೆಲ್ಲ ಒಪ್ಪಿಗೆ ಮುದ್ರೆ ಬೇಕು, ಅದೇ ಈ ಎನ್‌ಜೆಎಸ್. ಆ ರೇಸ್ ಮಳೆಯಲ್ಲೂ ನಡೆಯುತ್ತೆ, ಸುಳ್ಳು ಹೇಳಲ್ಲ. ಆದರೆ ಒಂದು ರೇಸ್ ಅಂದರೆ ಎರಡು ಕಿಲೋಮೀಟರ್ ಆಸುಪಾಸು. ಸೈಕಲ್ ಬಿಚ್ಚಿ ಜೋಡಿಸೋದು ಅಲ್ಲಿ ಸವಾರನ ಕೆಲಸದಲ್ಲೇ ಸೇರಿದೆ. ಜೆ.ಸಿ. ರಸ್ತೆಯಲ್ಲಿ ಮೋರಿ ಉಕ್ಕಿ ಹರಿಯುವಾಗ ಬಸ್ಸಿನ ಹಿಂದೆ ಅರ್ಧ ಗಾಲಿ ಮುಳುಗಿಸಿಕೊಂಡು ನಿಲ್ಲೋ ಕೆಲಸಕ್ಕೆ ಆ ಹಬ್ ಮಾಡಿದ್ದಲ್ಲ, ಅಲ್ವಾ?

ನನ್ನ ಓಡಾಟ ಬಸವನಗುಡಿಯಿಂದ ರಿಚ್ಮಂಡ್ ಸರ್ಕಲ್ ಕಡೆಯ ಆಫೀಸಿಗೆ. ಫ್ರೀವೀಲ್ ಇಲ್ಲದ ಫಿಕ್ಸೆಡ್ ಸೈಕಲ್. ಗಾಲಿ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತೆ. ಟ್ರ್ಯಾಕಿನವರು ರಿಮ್‌ಗೆ ಅಂಟಿಸುವ ಟ್ಯೂಬುಲರ್ ಟೈರ್ ಹಾಕುತ್ತಾರೆ. ಇಲ್ಲಿ ಅದೆಲ್ಲ ಆಗಲ್ಲ. ಪಂಕ್ಚರ್ ಆದರೆ ಹೊಲಿಗೆ ಬಿಚ್ಚಿ ಟ್ಯೂಬ್ ತೆಗೀಬೇಕು, ಯಾವ ಪಂಕ್ಚರ್ ಅಂಗಡಿಯವನು ಮಾಡ್ತಾನೆ? ಹಾಗಾಗಿ ಮಾಮೂಲಿ ಟೈರ್ ಕೂರುವ, 36 ತೂತಿನ ದಪ್ಪ ರಿಮ್‌ಗೆ ಈ ಹಬ್ ಕಟ್ಟಿಸಿದೆ. ಟೈರ್ 28 ಮಿ.ಮೀ. ಚೈನ್ ಚಕ್ರಕ್ಕೆ ಮುಂದೆ 46 ಹಲ್ಲು, ಹಿಂದೆ 17. ಈ ಲೆಕ್ಕ ಸುಮ್ನೆ ಇಟ್ಟಿದ್ದಲ್ಲ. 48-16 ಹಾಕಿದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಸರಿಯಾಗಿ ಮೂರು ಸುತ್ತು. ಒಂದೇ ಕಾಲು ಮುಂದಿಟ್ಟು ಸ್ಕಿಡ್ ಮಾಡುವವರು, ಅಂದರೆ ಪೆಡಲ್ ತಡೆದು ಹಿಂದಿನ ಗಾಲಿ ಜಾರಿಸುವವರು, ಟೈರಿನ ಅದೇ ಒಂದು ಜಾಗವನ್ನು ಸವೆಸುತ್ತಾ ಹೋಗುತ್ತಾರೆ. 46-17ಕ್ಕೆ ಆ ಸವೆತ 17 ಜಾಗಕ್ಕೆ ಹಂಚಿಹೋಗುತ್ತೆ. ಟೈರ್ ರೇಟ್ ನೋಡಿದ ಮೇಲೆ ಗಣಿತ ತಾನಾಗಿ ಬರುತ್ತೆ.

ಬೈಯೋಕೆ ಕೂತವನು ಒಂದು ಕಡೆ ಮೆಚ್ಚಲೇಬೇಕು. ಈ ಹಿಂದಿನ ಗಾಲಿ ಬೆಂಡ್ ಆಗೋದೇ ಇಲ್ಲ. ಗೇರ್ ಸೈಕಲ್ ಇದ್ದಾಗ ಎರಡು ತಿಂಗಳಿಗೊಮ್ಮೆ ಬೆಂಡ್ ತೆಗೆಸುತ್ತಿದ್ದೆ. ಅದರಲ್ಲಿ ಬಲಗಡೆ ಗೇರಿನ ಸಾಲಿಗೆ ಜಾಗ ಬಿಡಬೇಕು. ಹಾಗಾಗಿ ಬಲಗಡೆಯ ಕಡ್ಡಿಗಳು ನೆಟ್ಟಗೆ ನಿಂತು ಸಿಕ್ಕಾಪಟ್ಟೆ ಬಿಗಿ, ಎಡಗಡೆಯವು ಸಡಿಲ. ಟ್ರ್ಯಾಕ್ ಹಬ್‌ನಲ್ಲಿ ಇರೋದು ಒಂದೇ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ನನ್ನದಕ್ಕೆ ಎರಡೂ ಬದಿ ಥ್ರೆಡ್ ಇದೆ, ಎರಡೂ ಕಡೆ ಒಂದೇ ಉದ್ದದ ಕಡ್ಡಿ, ಒಂದೇ ಬಿಗಿ. ರಾತ್ರೋರಾತ್ರಿ ಹುಟ್ಟಿಕೊಳ್ಳುವ ಹಂಪು, ಗುಂಡಿ, ಅಗೆದು ಬಿಟ್ಟ ಕೇಬಲ್ ಕಾಲುವೆ ಎಲ್ಲ ದಾಟಿದೆ. ಫಿಕ್ಸೆಡ್‌ನಲ್ಲಿ ಹಂಪ್ ಮೇಲೆ ಕಾಲು ನಿಲ್ಲಿಸಿ ಸುಧಾರಿಸಿಕೊಳ್ಳುವ ಹಾಗೂ ಇಲ್ಲ, ತುಳಿಯುತ್ತಲೇ ಏರಿ ಇಳೀಬೇಕು. ಆದರೂ ಕಡ್ಡಿ ಬೆರಳಲ್ಲಿ ಮೀಟಿದರೆ ಇವತ್ತಿಗೂ ಎಲ್ಲ ಒಂದೇ ಸ್ವರ.

ರಿಪೇರಿ ವಿಷಯ ಬೇರೆ ಕಥೆ. ಮೊದಲ ಸಲ ಗಾಲಿ ಗೊರಗುಟ್ಟಿದಾಗ ಒಂದು ಅಂಗಡಿಗೆ ಒಯ್ದೆ. ಅಣ್ಣ ಪೆಡಲ್ ಹಿಂದಕ್ಕೆ ತಿರುಗಿಸಿ ನೋಡಿದರು. ಗಾಲಿಯೂ ಹಿಂದಕ್ಕೆ ತಿರುಗಿತು. “ಸಾರ್, ಫ್ರೀವೀಲ್ ಜಾಮ್ ಆಗಿದೆ, ಹೊಸದು ಹಾಕಿಬಿಡ್ತೀನಿ” ಅಂದರು. ಫ್ರೀವೀಲೇ ಇಲ್ಲ ಅಣ್ಣ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ “ಇಳಿಜಾರಲ್ಲೂ ತುಳೀತೀರಾ?” ಅಂದರು. ಆಮೇಲೆ ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಉಳಿ, ಸುತ್ತಿಗೆ ತಗೊಂಡು ಸ್ಪ್ರಾಕೆಟ್ ಹಿಡಿದಿಡುವ ಲಾಕ್‌ರಿಂಗ್‌ಗೆ ಎಡಕ್ಕೆ ಎರಡು ಏಟು ಹಾಕಿದರು. ಅದು ಉಲ್ಟಾ ಥ್ರೆಡ್. ಮುಂದಕ್ಕೆ ತುಳಿದರೆ ಸ್ಪ್ರಾಕೆಟ್ ಬಿಗಿಯುತ್ತೆ. ಕಾಲಲ್ಲಿ ತಡೆದಾಗ ಅದು ಬಿಚ್ಚಿಕೊಳ್ಳೋಕೆ ನೋಡುತ್ತೆ, ಆಗ ಈ ಉಲ್ಟಾ ರಿಂಗ್ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೆ. ಎಡಕ್ಕೆ ಹೊಡೆದಷ್ಟೂ ಬಿಗಿಯೇ. ರಿಂಗಿನ ಒಂದು ಕಚ್ಚು ಹಾರಿಹೋಯಿತು. ಹೊಸ ರಿಂಗ್ ತರಿಸುವವರು ಅಳತೆ ನೋಡಿ ತರಿಸಿ. ಮಾಮೂಲಿ 1.29 ಇಂಚು, ಇಟಲಿಯದು 1.32. ಕಣ್ಣಿಗೆ ಎರಡೂ ಒಂದೇ ಥರ, ಅದಲುಬದಲಾದರೆ ಹಬ್‌ನ ಅಲ್ಯೂಮಿನಿಯಂ ಥ್ರೆಡ್‌ಗೆ ಎಳ್ಳುನೀರು.

ಆವತ್ತಿನಿಂದ ಓವರಾಯಿಲಿಂಗ್ ನಾನೇ ಮಾಡುತ್ತಿದ್ದೇನೆ. ಬೈಗುಳ ಕಮ್ಮಿಯಾಗಿದ್ದೂ ಆವತ್ತಿನಿಂದಲೇ.

ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ. ಭಾನುವಾರ ತಿಂಡಿ ಆದ ಮೇಲೆ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿಕೊಂಡು ಕೂರುತ್ತೇನೆ. 15ರ ರಿಂಗ್ ಸ್ಪ್ಯಾನರಿನಲ್ಲಿ ಎರಡೂ ನಟ್ ಸಡಿಲಿಸಿ, ಗಾಲಿ ಮುಂದಕ್ಕೆ ತಳ್ಳಿದರೆ ಚೈನ್ ಕಳಚುತ್ತೆ. ತೆಳ್ಳನೆಯ ಕೋನ್ ಸ್ಪ್ಯಾನರ್ ಹಾಕಿ, ಬಾಲ್ಸ್ ಒತ್ತಿ ಹಿಡಿಯುವ ಕೋನ್ ಬಿಚ್ಚಿ, ಆಕ್ಸಲ್ ಎಳೆದರೆ ಒಳಗಿನ ಗ್ರೀಸ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತೆ. ನೀರು ಬೆರೆತ ಗುರುತು ಅದು. ಬಾಲ್ಸ್ ಒಂದು ಬದಿಗೆ ಒಂಬತ್ತು, ಕಾಲಿಂಚಿನವು. ಹಾಲಿನವರ ಕಪ್ಪು ಸೈಕಲಿನ ಹಿಂದಿನ ಗಾಲಿಗೂ ಅದೇ ಸೈಜು! ಕಿಲಾರಿ ರಸ್ತೆಯಲ್ಲಿ ಪುಡಿಗಾಸಿಗೆ ಸಿಗುತ್ತೆ. ಹಳೇ ಬಾಲ್ಸ್ ತೊಳೆದು ಮತ್ತೆ ಹಾಕುವ ಜಿಪುಣತನ ಬೇಡ. ಎಲ್ಲ ಹೊಸವೇ ಹಾಕಿ.

ಕಪ್ ಒರೆಸಿ ಪಳಪಳ ಮಾಡಿ, ಬೆರಳಲ್ಲಿ ಗ್ರೀಸ್ ಮೆತ್ತಿ, ಬಾಲ್ಸ್ ಒಂದೊಂದಾಗಿ ಕೂರಿಸೋದು. ಗ್ರೀಸ್ ಧಾರಾಳವಾಗಿ ಹಾಕಿ, ಸೀಲ್ ಮಾಡದ ಕೆಲಸ ಅದು ಮಾಡಬೇಕು. ಆಮೇಲೆ ಕೋನ್ ಬಿಗಿ. ಕ್ವಿಕ್ ರಿಲೀಸ್ ಇರುವ ಗಾಲಿಗೆ ಒಂಚೂರು ಆಟ ಬಿಡಬೇಕಾಗುತ್ತೆ, ಲಿವರ್ ಒತ್ತಿದಾಗ ಆಕ್ಸಲ್ ಕುಗ್ಗುತ್ತೆ ಅಂತ. ಇದು ಗಟ್ಟಿ ಆಕ್ಸಲ್, ನಟ್ ಬಿಗಿದರೂ ಕುಗ್ಗಲ್ಲ. ಹಾಗಾಗಿ ಆಟ ಸೊನ್ನೆ, ತಿರುಗಣೆ ನುಣುಪು, ಎರಡೂ ಒಟ್ಟಿಗೆ ಬರೋವರೆಗೆ ಕೂದಲೆಳೆಯಷ್ಟು ಹಿಂದೆ ಮುಂದೆ. ಸರಿಯಾಗಿದೆಯಾ ಅಂತ ನೋಡೋದು ಸುಲಭ. ವಾಲ್ವ್ ಪಕ್ಕಕ್ಕೆ ಬರುವ ಹಾಗೆ ಗಾಲಿ ಹಿಡಿದು ಕೈ ಬಿಡಿ. ವಾಲ್ವ್ ತಾನಾಗಿ ಕೆಳಗಿಳಿದು, ಆ ಕಡೆ ಈ ಕಡೆ ತೂಗಿ ತೂಗಿ ನಿಧಾನಕ್ಕೆ ನಿಲ್ಲುತ್ತೆ. ಅಷ್ಟು ಹೊತ್ತಿಗೆ “ಇನ್ನೂ ಆಗಿಲ್ವಾ?” ಅಂತ ಒಳಗಿಂದ ಒಂದು ಕೂಗು ಬಂದಿರುತ್ತೆ.

ಗಾಲಿ ವಾಪಸ್ ಕೂರಿಸುವಾಗ ಚೈನ್ ನಡುವೆ ಅರ್ಧ ಇಂಚು ಆಡಬೇಕು. ಚೈನ್‌ರಿಂಗ್ ಪೂರ್ತಿ ದುಂಡಗಿರಲ್ಲ. ಪೆಡಲ್ ಸುತ್ತಿಸಿ ಎಲ್ಲಿ ಅತಿ ಬಿಗಿ ಅಂತ ಹುಡುಕಿ, ಅಲ್ಲಿ ನಿಲ್ಲಿಸಿ ಅಳತೆ ನೋಡಿ.

ಬ್ರೇಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮುಂದೆ ಬ್ರೇಕ್ ಇದೆ, ಇರಲೇಬೇಕು. ಬ್ರೇಕ್ ಇಲ್ಲದೆ ಓಡಿಸೋದು ಸ್ಟೈಲ್ ಅನ್ನೋ ಹುಡುಗರಿಗೆ ಒಂದು ಮಾತು: ಕೀರಿನ್ ಹುಟ್ಟಿದ ಜಪಾನಿನಲ್ಲೇ ಬ್ರೇಕ್ ಇಲ್ಲದ ಸೈಕಲ್ ರಸ್ತೆಗೆ ಇಳಿಸುವಂತಿಲ್ಲ. ಬರೀ ಟ್ರ್ಯಾಕಿಗೆ ಅಂತ ಮಾಡಿದ ರಿಮ್‌ನಲ್ಲಿ ಬ್ರೇಕ್ ರಬ್ಬರ್ ಹಿಡಿಯುವ ಜಾಗವೇ ಇರಲ್ಲ, ಕೊಳ್ಳುವಾಗ ಅದನ್ನು ನೋಡಿಕೊಳ್ಳಿ.

ಹಾಗಾದರೆ ತಗೋಬಹುದಾ? ನನ್ನ ಹಾಗೆ ಮಳೆ ಬಿಸಿಲು ಅನ್ನದೆ ಓಡಾಡೋರು, ಸ್ಪ್ಯಾನರ್ ಮುಟ್ಟೋಕೆ ಬೇಜಾರು ಪಡೋರು, ತೈವಾನಿನ ಸೀಲ್ಡ್ ಬೇರಿಂಗ್ ಹಬ್ ತಗೊಳ್ಳಿ. ಅರ್ಧಕ್ಕಿಂತ ಕಮ್ಮಿ ದುಡ್ಡು. ಬೇರಿಂಗ್ ಹೋದರೆ ಮೇಲಿನ ನಂಬರ್ ಹೇಳಿದರೆ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ. ನಾನೇ ಮುಂದಿನ ಗಾಲಿಗೆ ಅದನ್ನು ಹಾಕಿಸಿ ಒಂದು ವರ್ಷ ಆಯಿತು, ಒಂದು ಸಲವೂ ಬಿಚ್ಚಿಲ್ಲ. ಬಿಚ್ಚೋಕೆ ಅಲ್ಲಿ ಏನೂ ಇಲ್ಲ ಅನ್ನೋದು ಸಣ್ಣ ಬೇಜಾರು.

ಹಿಂದಿನದನ್ನು ಮಾತ್ರ ಕೊಡಲ್ಲ. ಸ್ನೇಹಿತರೊಬ್ಬರು ಒಳ್ಳೆ ರೇಟ್ ಕೇಳಿದರು, ಮನಸ್ಸಾಗಲಿಲ್ಲ. ಈ ಸಲ ಬಿಚ್ಚಿದಾಗ ಬಲಗಡೆ ಕೋನ್‌ನಲ್ಲಿ ಸಣ್ಣ ಗುಳಿ ಬಿದ್ದಿರೋದು ಕಂಡಿತು. ಬಾಲ್ಸ್ ಎಲ್ಲೆಂದರಲ್ಲಿ ಸಿಗುತ್ತೆ, ಈ ಕೋನ್ ಸಿಗಲ್ಲ. ಎನ್‌ಜೆಎಸ್ ಹಬ್‌ನ ಹಳೇ ಆಕ್ಸಲ್ ಸೆಟ್ ಯಾರ ಹತ್ತಿರವಾದರೂ ಬಿದ್ದಿದ್ದರೆ ಹೇಳಿ, ಮಳೆ ಹಿಡಿಯೋ ಮುಂಚೆ ಬೇಕು.