ಧರೆ ಗೋಡೆ, ಇಂಟರ್‌ಲಾಕ್ ಅಂಗಳ: ಏಳು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಗುಡ್ಡ ಕಡಿದು ಮಾಡಿದ ಜಾಗದಲ್ಲಿದೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಎದುರಿಗೇ 8 ಅಡಿ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಬದಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಲ್ಲಿ ನೆನೆದ ಕೊಡೆ ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಟಿವಿಯಲ್ಲಿ ನೋಡಿದ ಅಮ್ಮ, ಮಳೆ ಜೋರಾದ ರಾತ್ರಿ ಆ ಬಾಗಿಲ ಹತ್ತಿರ ಮಲಗುವುದನ್ನೇ ಬಿಟ್ಟರು. ಮರುವರ್ಷ ಜನವರಿಯಿಂದ ಮಾರ್ಚ್‌ವರೆಗೆ ಕೆಲಸ ಮಾಡಿಸಿದೆವು. ಧರೆಗೆ ಗೋಡೆ, ಅಂಗಳಕ್ಕೆ ಇಂಟರ್‌ಲಾಕ್ (ಒಂದಕ್ಕೊಂದು ಹೊಂದಿ ಕೂರುವ ಸಿಮೆಂಟ್ ಬಿಲ್ಲೆ), ದಣಪೆಯಿಂದ (ಅಂಗಳದ ಗೇಟು) ಜಗುಲಿಗೆ ಕಾಲುದಾರಿ. ಮೂರೂ ಒಬ್ಬನೇ ಗುತ್ತಿಗೆದಾರನಿಗೆ. ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಗೋಡೆಯಿಂದ ಶುರು ಮಾಡುತ್ತೇನೆ, ದುಡ್ಡು ಹೋದದ್ದೂ ನಿದ್ದೆ ಹೋದದ್ದೂ ಅಲ್ಲೇ. ಒಟ್ಟು 50 ಅಡಿ ಉದ್ದ. ಅದರಲ್ಲಿ 35 ಅಡಿ ಸಿಮೆಂಟಿಲ್ಲದ ಕಲ್ಲಿನ ಪಿಚಿಂಗ್. ಬುಡ ನಾಲ್ಕು ಅಡಿ ಅಗಲ, ಮೇಲೆ ಹೋಗುತ್ತಾ ಸಣ್ಣದಾಗಿ ಧರೆಯ ಕಡೆಗೆ ಒರಗಿ ನಿಂತಿದೆ. ಬಚ್ಚಲಮನೆ ಹತ್ತಿರ ಅಷ್ಟು ಜಾಗ ಇರಲಿಲ್ಲ. ಹಾಗಾಗಿ ಅಲ್ಲಿ 15 ಅಡಿ ಸಿಮೆಂಟ್ ಹಾಕಿ ಕಟ್ಟಿದ ಗೋಡೆ, ನೀರು ಹೊರಗೆ ಬರಲು ಪಿವಿಸಿ ಪೈಪು. ನೋಡಲು ಇದೇ ಚೆಂದ, ಗಟ್ಟಿಯೂ ಇದೇ ಅಂದುಕೊಂಡಿದ್ದೆ.

ಆ ವರ್ಷದ ಆಗಸ್ಟ್ ಮಳೆ ಮಲೆನಾಡಿನವರಿಗೆ ನೆನಪಿರಬೇಕು. ಪಿಚಿಂಗ್ ಗೋಡೆಯ ಸಂದುಸಂದಿನಲ್ಲಿ ನೀರು ಜಿನುಗುತ್ತಿತ್ತು, ಕಲ್ಲು ಮಾತ್ರ ಅಲ್ಲಾಡಲಿಲ್ಲ. ಸಿಮೆಂಟ್ ಗೋಡೆಯ ಪೈಪುಗಳು ಒಣಗಿಕೊಂಡೇ ಇದ್ದವು. ನೀರಿಲ್ಲ ಎಂದು ನನಗೆ ಖುಷಿ! ನಾಲ್ಕು ದಿನಕ್ಕೆ ಗೋಡೆಗೆ ಹೊಟ್ಟೆ ಬಂತು, ಅಡ್ಡಕ್ಕೆ ಒಂದು ಬಿರುಕು ಬಿತ್ತು.

ಗುತ್ತಿಗೆದಾರ ಮಳೆಗಾಲ ಮುಗಿಯುವವರೆಗೆ ಫೋನ್ ಎತ್ತಲಿಲ್ಲ. ಡಿಸೆಂಬರ್‌ನಲ್ಲಿ ಬಂದು ಬಿಚ್ಚಿದಾಗ ಒಳಗಿನ ಕಥೆ ಗೊತ್ತಾಯಿತು. ಗೋಡೆಯ ಹಿಂದೆ ಒಂದೂವರೆ ಅಡಿ ಜಲ್ಲಿ ತುಂಬಬೇಕು ಎಂದು ಮಾತಾಗಿತ್ತು. ತುಂಬಿದ್ದು ಅಲ್ಲೇ ಅಗೆದ ಕೆಂಪು ಮಣ್ಣು. ಅದು ಪೈಪಿನ ಬಾಯಿಗೆ ಕಟ್ಟಿಕೊಂಡು ನೀರು ಒಳಗೇ ನಿಂತಿತ್ತು. ಒಂದು ಘನ ಮೀಟರ್ ನೀರು ಒಂದು ಟನ್ ತೂಗುತ್ತದೆ. 8 ಅಡಿ ಎತ್ತರಕ್ಕೆ ನೀರು ನಿಂತರೆ ಗೋಡೆಯ ಬುಡದಲ್ಲಿ ಚದರ ಮೀಟರಿಗೆ ಸುಮಾರು 2.4 ಟನ್ ಒತ್ತಡ, ಮಣ್ಣಿನದು ಬೇರೆ. "ಗೌಡ್ರೇ, ಧರೆ ತಳ್ಳಿದ್ದಲ್ಲ ಮಾರಾಯ್ರೇ, ನೀರು ತಳ್ಳಿದ್ದು" ಎಂದ ಅವನ ಮೇಸ್ತ್ರಿ. ಇದನ್ನು ಮೊದಲೇ ಹೇಳಬಹುದಿತ್ತಲ್ವಾ?

ಮತ್ತೆ ಕಟ್ಟಿದ ಕೂಲಿ ಅವನದು, ಸಾಮಾನು ನನ್ನದು ಎಂದು ರಾಜಿಯಾಯಿತು. ಈ ಸಲ ಜಲ್ಲಿ ಬಂತು. ಮಣ್ಣು ಅದರೊಳಗೆ ಇಳಿಯದ ಹಾಗೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿದರು. ಧರೆಯ ನೆತ್ತಿಯಲ್ಲಿ ಒಂದು ಅಗಳು ತೆಗೆದು ಗುಡ್ಡದ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿದೆವು. ಅಂದಿನಿಂದ ಗೋಡೆ ಕೂದಲಷ್ಟೂ ಅಲ್ಲಾಡಿಲ್ಲ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದ ವಾರ ದಿನಕ್ಕೆ ಹತ್ತು ಸಲ ಹೋಗಿ ನೋಡಿದ್ದೆ. ಪೈಪಿನಲ್ಲಿ ನೀರು ಸುರಿಯುತ್ತಿತ್ತು, ನೆಮ್ಮದಿಯಾಯಿತು. ಅಗಳಿಗೆ ಬಿದ್ದ ತರಗೆಲೆಯನ್ನು ಮಾತ್ರ ಮೇ ಕೊನೆಯಲ್ಲಿ ಬಾಚಬೇಕು, ಆಮೇಲೆ ತಿಂಗಳಿಗೊಮ್ಮೆ.

ಅಂಗಳ ಪರವಾಗಿಲ್ಲ. 60 ಮಿಲಿಮೀಟರ್ ದಪ್ಪದ ಬಿಲ್ಲೆ ಸಾಕು ಎಂದವನು ನಾನೇ. ಅಡಿಕೆ ಮೂಟೆ ಹೊತ್ತ ಪಿಕಪ್ ಓಡಾಡಿ ಎರಡೇ ವರ್ಷಕ್ಕೆ ಚಕ್ರದ ಜಾಡು ಇಳಿಯಿತು. ಅಷ್ಟು ಭಾಗ ಎಬ್ಬಿಸಿ, ತಳಕ್ಕೆ ಜಲ್ಲಿ ಹಾಕಿ ಗುದ್ದಿಸಿ, 80ರ ಬಿಲ್ಲೆ ಕೂರಿಸಿದ ಮೇಲೆ ಸರಿಹೋಯಿತು. ಇಂಟರ್‌ಲಾಕಿನ ದೊಡ್ಡ ಗುಣ ಇದು, ಬೇಕಾದಷ್ಟನ್ನೇ ಎಬ್ಬಿಸಬಹುದು. ಕಾಂಕ್ರೀಟ್ ಆಗಿದ್ದರೆ ಒಡೆಯಬೇಕಿತ್ತು. ಮಾಡಿನ ನೀರು ಬೀಳುವ ಸಾಲಿನಲ್ಲಿ ಸಂದಿನ ಮರಳು ನಿಲ್ಲುವುದೇ ಇಲ್ಲ. ಅಲ್ಲಿ ಬಿಲ್ಲೆ ತೆಗೆದು ಎರಡು ಅಡಿ ಅಗಲಕ್ಕೆ ಕಲ್ಲು ಚಪ್ಪಡಿ ಹಾಕಿಸಿದೆ. ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರು) ಕಲೆ ಬಿದ್ದರೆ ಹೋಗುವುದಿಲ್ಲ, ಅಡಿಕೆ ಬೇಯಿಸುವವರು ತಿಳಿದುಕೊಂಡೇ ಬಣ್ಣ ಆರಿಸಿ. ನಮ್ಮದು ಹಳದಿ, ಈಗ ಎಂಥದೋ ಬಣ್ಣ.

ಕಾಲುದಾರಿಗೆ ಗುತ್ತಿಗೆದಾರ ಒರಟು ಕಲ್ಲು ಎಂದ, ನಾನು ಹೊಳೆಯುವ ಟೈಲ್ಸ್ ಎಂದೆ. ಜುಲೈಗೆ ಹಾವಸೆ ಕಟ್ಟಿತು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೆ ಹದಿನೈದು ದಿನ ಬರುತ್ತಿತ್ತು, ಅಷ್ಟೇ. ಮೂರನೇ ಮಳೆಗಾಲದಲ್ಲಿ ಅಮ್ಮ ಜಾರಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಅದಕ್ಕಿಂತ ಮೊದಲು ಅಡಿಕೆ ದಬ್ಬೆ ಹಾಸಿಕೊಂಡು ಓಡಾಡುತ್ತಿದ್ದಾಗ ಯಾರೂ ಬಿದ್ದಿರಲಿಲ್ಲ, ಇದನ್ನು ಅವರು ಈಗಲೂ ಹೇಳುತ್ತಾರೆ. ಟೈಲ್ಸ್ ಕಿತ್ತು ಉಳಿಯಿಂದ ಒರಟು ಮಾಡಿದ ಚಪ್ಪಡಿ ಹಾಕಿಸಿದ್ದೇನೆ. ಒಂದು ಪಕ್ಕಕ್ಕೆ ಹತ್ತು ಅಡಿಗೆ ಎರಡೂವರೆ ಇಂಚಿನ ಲೆಕ್ಕದಲ್ಲಿ ಇಳಿಜಾರು ಕೊಟ್ಟಿದೆ, ನೀರು ನಿಲ್ಲುವುದಿಲ್ಲ.

ಐದರಲ್ಲಿ ಎಷ್ಟು ಸ್ಟಾರ್ ಎಂದರೆ ಪಿಚಿಂಗ್ ಗೋಡೆಗೆ ಐದು, ಅಂಗಳಕ್ಕೆ ಮೂರು, ಫೋನ್ ಎತ್ತದಿದ್ದಕ್ಕೆ ಒಂದೂ ಇಲ್ಲ. ಆದರೂ ಕೊಟ್ಟಿಗೆ ಹಿಂದಿನ ಧರೆಗೆ ಬರುವ ಜನವರಿಯಲ್ಲಿ ಅವನನ್ನೇ ಕರೆದಿದ್ದೇನೆ, ಕಲ್ಲು ಕೂರಿಸುವ ಕೈ ಅವನ ಜನಕ್ಕೆ ಇದೆ. ಹೋದ ಸಲ ಗೋಡೆ ಹಿಂದೆ ಮಣ್ಣು ತುಂಬಿದ ದಿನ ನಾನು ಅಡಿಕೆ ಮಂಡಿಗೆ ಹೋಗಿದ್ದೆ. ಈ ಸಲ ಕುರ್ಚಿ ಹಾಕಿಕೊಂಡು ಅಲ್ಲೇ ಕೂರುತ್ತೇನೆ.