ಎರಡು ಕಪ್ಪಿನ ಸ್ಟೀಲ್ ಕಾಫಿ ಫಿಲ್ಟರ್: ಲಡಾಖಿನ ಸೇನಾ ಪೋಸ್ಟಿಗೆ ಕಳಿಸಬಹುದೇ?

ಧಾರಾಳವಾಗಿ ಕಳಿಸಿ. ಆದರೆ ಊರಿನ ಅಡುಗೆಮನೆಯಲ್ಲಿ ಮಾಡುವ ಹಾಗೇ ಅಲ್ಲೂ ಮಾಡಿದರೆ ಲೋಟಕ್ಕೆ ಇಳಿಯುವುದು ತೆಳ್ಳಗಿನ ಹುಳಿ ನೀರು. ಅದು ಫಿಲ್ಟರಿನ ತಪ್ಪಲ್ಲ. ಲೇಹ್‌ನಲ್ಲಿ, ಅಂದರೆ ಸುಮಾರು 11,500 ಅಡಿ ಎತ್ತರದಲ್ಲಿ, ನೀರು 88 ಡಿಗ್ರಿಗೇ ಕುದಿಯುತ್ತದೆ. 15,000 ಅಡಿಯ ಪೋಸ್ಟಿನಲ್ಲಿ 85ರ ಆಸುಪಾಸು. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಮೇಲೇರದು. ಪುಡಿಯ ಸತ್ವ ಚೆನ್ನಾಗಿ ಇಳಿಯಬೇಕಾದರೆ 90 ದಾಟಬೇಕು. ಸಾಲದ್ದಕ್ಕೆ ತಣ್ಣಗೆ ಕೊರೆಯುವ ಸ್ಟೀಲು ಇನ್ನೊಂದಿಷ್ಟು ಬಿಸಿ ನುಂಗುತ್ತದೆ.

ಅಂಗಡಿಯಲ್ಲಿ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ: ತೂತುಗಳು ಸಣ್ಣಗೆ, ಒಂದೇ ಸಮ ಇರಬೇಕು. ಮುಚ್ಚಳ ಬಿಗಿಯಾಗಿ ಕೂರಬೇಕು. ಆದರೆ ಎರಡು ಪಾತ್ರೆಗಳ ನಡುವೆ ಅಷ್ಟೇ ಬಿಗಿ ಇದ್ದರೆ ಕೆಳಗಿನ ಗಾಳಿ ಹೊರಹೋಗಲು ಜಾಗವಿಲ್ಲದೆ ಡಿಕಾಕ್ಷನ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಮೇಲಿನದನ್ನು ಒಮ್ಮೆ ಸ್ವಲ್ಪ ಎತ್ತಿ ಬಿಟ್ಟರೆ ಮತ್ತೆ ಹನಿಯುತ್ತದೆ. ಹಿತ್ತಾಳೆಯದು ಚೆಂದ, ಆದರೆ ಕಲಾಯಿ ಹೋದರೆ ಅಲ್ಲಿ ಹಾಕಿಕೊಡುವವರಿಲ್ಲ.

ಇನ್ನು ಅಳತೆ. ಪುಡಿ 20 ಗ್ರಾಂ, ಅಂದರೆ ದೊಡ್ಡ ಚಮಚದಲ್ಲಿ ಮೂರರಿಂದ ನಾಲ್ಕು. ನೀರು 120 ಮಿಲಿ. ಅದರಲ್ಲಿ 40 ಮಿಲಿಯಷ್ಟು ಪುಡಿಯೇ ಹೀರಿಕೊಂಡು, ಎರಡು ಲೋಟಕ್ಕಾಗುವಷ್ಟು ಡಿಕಾಕ್ಷನ್ ಸಿಗುತ್ತದೆ. ಮೊದಲು ಖಾಲಿ ಫಿಲ್ಟರಿಗೆ ಕುದಿನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲಿ, ಒರೆಸಿ. ಈ ಹೆಜ್ಜೆ ಬಿಟ್ಟವರ ಕಾಫಿ ಕೆಡುವುದು ಖಂಡಿತ. ಪುಡಿ ಹಾಕಿ, ಕಡ್ಡಿಯಿರುವ ತಟ್ಟೆಯನ್ನು ಮೇಲಿಟ್ಟು ಹಗುರಾಗಿ ಅದುಮಿ. ಜೋರಾಗಿ ಒತ್ತಿದರೆ ನೀರು ಇಳಿಯುವುದೇ ಇಲ್ಲ. ನೀರನ್ನು ಒಲೆಯಿಂದ ಇಳಿಸಿದ ಕೂಡಲೇ ಸುರಿದು, ಫಿಲ್ಟರನ್ನು ಉಣ್ಣೆಯ ಕಾಲುಚೀಲದೊಳಗೆ ತೂರಿಸಿ ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆ) ಪಕ್ಕದಲ್ಲಿಡಿ. ಬುಖಾರಿಯ ಮೇಲೆ ಬೇಡ, ಡಿಕಾಕ್ಷನ್ ಕುದಿದು ಕಹಿಯಾಗುತ್ತದೆ. ಇಪ್ಪತ್ತು ನಿಮಿಷ ಸಾಕು.

ಚಿಕೋರಿ ಮುಟ್ಟದವರು ಇಲ್ಲಿ ಸ್ವಲ್ಪ ಹಟ ಸಡಿಲಿಸಬೇಕು. ನೀರಿನ ಬಿಸಿ ಕಡಿಮೆಯಿದ್ದರೂ ಚಿಕೋರಿ ಸುಲಭವಾಗಿ ಕರಗಿ ಡಿಕಾಕ್ಷನ್ನಿಗೆ ಮೈ ಕೊಡುತ್ತದೆ, ಹಾಗಾಗಿ 80:20 (ಕಾಫಿ 80, ಚಿಕೋರಿ 20) ಈ ಎತ್ತರಕ್ಕೆ ಹೇಳಿ ಮಾಡಿಸಿದ್ದು. ಅದಕ್ಕಿಂತ ಹೆಚ್ಚಾದರೆ ಉಬ್ಬಿ ತೂತು ಕಟ್ಟುತ್ತದೆ. ಹುರಿ ಕಪ್ಪಗಿರಲಿ, ಪುಡಿ ತೀರಾ ನುಣ್ಣಗೆ ಬೇಡ.

ಹಾಲಿನ ಪುಡಿಯನ್ನು ನೇರ ಕುದಿನೀರಿಗೆ ಹಾಕಿದರೆ ಗಂಟು. ಎರಡು ದೊಡ್ಡ ಚಮಚವನ್ನು ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಆಮೇಲೆ ಬಿಸಿನೀರು ಸೇರಿಸಿ 100 ಮಿಲಿ ಮಾಡಿ. ಮಿಲ್ಕ್‌ಮೇಡ್ ಡಬ್ಬಿ ಇದ್ದರೆ ಒಂದು ಚಮಚ ಹಾಕಿ, ಸಕ್ಕರೆ ಬಿಡಿ. ಲೋಟದಿಂದ ಬಟ್ಟಲಿಗೆ ಎತ್ತೆತ್ತಿ ಸುರಿಯುವ ಶೋಕಿ ಮಾತ್ರ ಬೇಡ: ನೊರೆ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.

ಒಲೆಯ ಮೇಲಿಟ್ಟು ಹಬೆಯ ಒತ್ತಡದಿಂದ ಕಾಫಿ ಇಳಿಸುವ ಮೋಕಾ ಪಾಟ್ ಇದಕ್ಕಿಂತ ಗಟ್ಟಿ ಡಿಕಾಕ್ಷನ್ ಕೊಡುತ್ತದೆ, ನಿಜ. ಆದರೆ ಅದರ ವಾಷರ್ ಹಾಳಾದರೆ ಅಲ್ಲಿ ಬದಲಿ ಸಿಗದು. ಪಂಪ್ ಸ್ಟವ್‌ನ ಜೋರು ಉರಿಗೆ ಪ್ಲಾಸ್ಟಿಕ್ ಹಿಡಿಯೂ ಉಳಿಯದು. ಸ್ಟೀಲ್ ಫಿಲ್ಟರಿನಲ್ಲಿ ಕೆಡುವಂಥದ್ದೇ ಇಲ್ಲ, ರಾತ್ರಿ ನೀರು ಬಿಟ್ಟು ಮಲಗದಿದ್ದರೆ ಆಯಿತು. ನೀರು ಹೆಪ್ಪುಗಟ್ಟಿದರೆ ಬೆಳಿಗ್ಗೆ ಎರಡು ಪಾತ್ರೆಗಳೂ ಬಿಡಿಸಲಾಗದಂತೆ ಅಂಟಿಕೊಂಡಿರುತ್ತವೆ.

ಪುಡಿಯನ್ನು 100 ಗ್ರಾಮಿನ ಸಣ್ಣ ಪೊಟ್ಟಣಗಳಲ್ಲಿ ಕಳಿಸಿ. ಬಯಲಿನಲ್ಲಿ ಸೀಲ್ ಮಾಡಿದ ಪೊಟ್ಟಣ ಮೇಲೆ ಹೋದಂತೆ ಬಲೂನಿನ ಹಾಗೆ ಉಬ್ಬುತ್ತದೆ. ಗಾಳಿ ಹೊರಹಾಕುವ ವಾಲ್ವ್ ಇರುವುದು ಉತ್ತಮ, ಇಲ್ಲದಿದ್ದರೆ ಗಾಳಿ ಹಿಂಡಿ ಸೀಲ್ ಮಾಡಿಸಿ. 56 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸದ ಪಾರ್ಸೆಲ್ ತಲುಪಲು ವಾರಗಳೇ ಹಿಡಿಯಬಹುದು, ಆದ್ದರಿಂದ ಅಂದೇ ಹುರಿದ ಪುಡಿ ಕೊಳ್ಳಿ. ಕೊಡಗಿನ ಸೇನಾಧಿಕಾರಿ ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಟ್ಯಾಂಕುಗಳನ್ನೇ ಲಡಾಖಿನ ದಾರಿಯ ಜೋಜಿ ಲಾ ಕಣಿವೆಮಾರ್ಗ ಹತ್ತಿಸಿದವರು, ಕೊಡಗಿನ ಕಾಫಿ ಪುಡಿ ಹತ್ತದೇ? ತಲುಪಿದ ಮೇಲೆ ತಣ್ಣಗಿರುವ ಪೊಟ್ಟಣವನ್ನು ಬೆಚ್ಚಗಿನ ಬಂಕರಿನಲ್ಲಿ ತಕ್ಷಣ ಒಡೆಯಬಾರದು. ಒಳಗೆ ತೇವ ಕೂತು ಪುಡಿ ಮುದ್ದೆಯಾಗುತ್ತದೆ. ಒಂದೆರಡು ಗಂಟೆ ಹಾಗೇ ಇಟ್ಟು ಆಮೇಲೆ ಕತ್ತರಿಸಿ.